ಸಾವಕಾಶ ಹೋಗ್ರಿ

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿ ಉದ್ದದ ಒಂದು ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಈ ಕೋಟೆ ಕಟ್ಟಿಸಿದ ಸಂಗತಿಯನ್ನು ತೆಲುಗಿನಲ್ಲಿ ಕೊರೆದ ಶಾಸನವದು. ನೋಡಲು ಬಂದವರು ಅಕ್ಷರಗಳ ಮೇಲೆ ಕೈಯಾಡಿಸಿ ಹೋಗುತ್ತಾರೆ. ನನ್ನನ್ನು ಹುಡುಗತನದಿಂದ ಹಿಡಿದು ನಿಲ್ಲಿಸಿದ್ದು ಅದರ ಹತ್ತಿರ ಗೋಡೆಯಲ್ಲಿ ಕೊರೆದ ಚಿತ್ರ. ಅದೇ ಕಲ್ಲನ್ನು ಬಂಡಿಗೆ ಹೇರಿದ್ದಾರೆ. ಮುಂದೆ ಸಾಲಾಗಿ ಕೋಣಗಳನ್ನು ಹೂಡಿದ್ದಾರೆ. ಗಾಲಿಗಳ ಹತ್ತಿರ ಜನ ಹಾರೆ ಕೊಟ್ಟು ಮೀಟುತ್ತಿದ್ದಾರೆ. ಈ ಊರಿನ ದಾರಿಯ ಮೇಲೆ ಸಾಗಿದ ವಾಹನದ ಚಿತ್ರಗಳಲ್ಲಿ ನನಗೆ ಗೊತ್ತಿರುವ ಅತ್ಯಂತ ಹಳೆಯದು ಇದು. ಆ ಬಂಡಿ ದಿನಕ್ಕೆ ಎಷ್ಟು ದೂರ ಬಂದಿತ್ತೋ, ಗಾಲಿಯ ಪಕ್ಕದಲ್ಲಿ ನಡೆಯುತ್ತಿದ್ದ ಮನುಷ್ಯನಿಗಿಂತ ಮುಂದೆ ಹೋಗಿರಲಾರದು ಎಂಬುದಂತೂ ಚಿತ್ರದಲ್ಲೇ ಕಾಣುತ್ತದೆ.

ಡಿಸೆಂಬರ್‌ನ ಒಂದು ಬೆಳಿಗ್ಗೆ ಆ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು ನಾನು ಹೊರಟೆ. ರಾಯಚೂರಿನಿಂದ ದೇವದುರ್ಗ, ಅಲ್ಲಿಂದ ಸಿರವಾರದ ಮೇಲೆ ಹಾಯ್ದು ಮಾನ್ವಿ, ಸಂಜೆಗೆ ಮತ್ತೆ ರಾಯಚೂರು. ಹೊರಡಿಸಿದ್ದು ಅತ್ತೆಯ ಒಂದು ಮಾತು. ಗಬ್ಬೂರಿನಾಚೆ ರಸ್ತೆಗೆ ಹತ್ತಿಕೊಂಡ ಹಳ್ಳಿಯಲ್ಲಿ ಅವರ ಮನೆ. ಮನೆ ರಸ್ತೆಯ ಈಚೆ, ಹೊಲ ಆಚೆ. ದೀಪಾವಳಿಯ ಹೊತ್ತಿಗೆ ಫೋನಿನಲ್ಲಿ ಹೇಳಿದ್ದರು: ‘ರೋಡೇನೋ ಚಲೋ ಆಗ್ಯಾದಪ್ಪ, ಆದ್ರ ದಾಟಾಕ ಆಗವಲ್ದು.’

ಒಳ್ಳೆಯ ರಸ್ತೆಗಾಗಿ ಈ ಜಿಲ್ಲೆಯ ಜನ ಕಾದಷ್ಟು ಇನ್ನಾರೂ ಕಾದಿರಲಿಕ್ಕಿಲ್ಲ. ಬಂದ ಮೇಲೆ ಅದನ್ನು ದಾಟಲಾಗದೆ ಒಬ್ಬ ಮುದುಕಿ ಬದಿಯಲ್ಲಿ ನಿಂತಿರುವುದು ನನ್ನ ತಲೆಯಿಂದ ಹೋಗಲಿಲ್ಲ.

ರಾಯಚೂರಿನ ತೀನ್ ಕಂದೀಲ್ ವೃತ್ತ ದಾಟುವಾಗ ವೇಗದ ಮಾತೇ ಇಲ್ಲ. ತಳ್ಳುಗಾಡಿ, ಟಂಟಂ, ಆಟೊ, ಸೈಕಲ್ ಮೇಲೆ ಹಾಲಿನ ಕ್ಯಾನು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸರಿಯುತ್ತಾರೆ. ಗಂಜ್ ಕಡೆ ಹತ್ತಿಯ ಲಾರಿಗಳು ಹೊಟ್ಟೆ ಉಬ್ಬಿಸಿಕೊಂಡು ಸಾಲು ನಿಂತಿದ್ದವು. ಲಿಂಗಸುಗೂರು ರಸ್ತೆಗೆ ಬಿದ್ದು ಕೃಷಿ ವಿಶ್ವವಿದ್ಯಾಲಯದ ಮುಂದೆ ಹಾಯ್ದ ಮೇಲೆ ದಾರಿ ಬಿಚ್ಚಿಕೊಳ್ಳುತ್ತದೆ. ಕಾರು ಓಡಿಸುತ್ತಿದ್ದ ನನ್ನ ಅಕ್ಕನ ಮಗನ ಕಾಲೂ ತಾನಾಗಿ ಕೆಳಗೆ ಒತ್ತಿತು. ಅದು ಅವನ ತಪ್ಪಲ್ಲ. ರಸ್ತೆ ಹೇಗಿರುತ್ತದೋ ಕಾಲು ಹಾಗೆ ಕೇಳುತ್ತದೆ.

ಮುಂದೆ ಸಾತ್ ಮೈಲ್ ಕ್ರಾಸ್. ನಿಜಾಮರ ಕಾಲದ ಹೆಸರು. ಮೈಲಿಗಲ್ಲುಗಳು ಹೋಗಿ ಕಿಲೋಮೀಟರ್ ಕಲ್ಲುಗಳು ಬಂದು ಎಷ್ಟೋ ಕಾಲವಾಯಿತು. ಹೆಸರಿನಲ್ಲಿ ಮಾತ್ರ ಏಳು ಮೈಲಿ ಹಾಗೇ ಉಳಿದಿದೆ. ನನ್ನ ತಾತ ಹತ್ತಿಯ ಅಂಡಿಗೆ ಹೇರಿಕೊಂಡು ರಾತ್ರಿ ಊಟ ಮಾಡಿ ಬಂಡಿ ಹೂಡಿದರೆ ಬೆಳಕು ಹರಿಯುವಾಗ ಗಂಜ್ ಮುಟ್ಟುತ್ತಿದ್ದರಂತೆ. ಬಂಡಿಯ ಕೆಳಗೆ ಕಂದೀಲು ತೂಗಾಡುತ್ತಿತ್ತು. ಎತ್ತುಗಳಿಗೆ ದಾರಿ ಗೊತ್ತು, ತಾತ ಮಲಗಿಬಿಡುತ್ತಿದ್ದರು. ಗಂಟೆಗೆ ಮೂರೂವರೆ ಕಿಲೋಮೀಟರ್ ಇದ್ದೀತು. ಬ್ರಿಟನ್ನಿನಲ್ಲಿ 1865ರಲ್ಲಿ ಯಂತ್ರದ ಬಂಡಿಗಳಿಗೆ ಕಾನೂನು ಮಾಡಿದಾಗ ಹಳ್ಳಿಗಾಡಿನಲ್ಲಿ ಗಂಟೆಗೆ 4 ಮೈಲಿ, ಊರೊಳಗೆ 2 ಮೈಲಿ ಎಂದು ಮಿತಿ ಹಾಕಿದ್ದರು. ಮುಂದೊಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕಿತ್ತು. ಈಗ ಕೇಳಿದರೆ ಬಾಲಿಶ ಅನ್ನಿಸಬಹುದು. ಆದರೆ ಅದರಲ್ಲಿ ಒಂದು ತಿಳಿವಳಿಕೆ ಇತ್ತು: ಊರೊಳಗಿನ ದಾರಿ ಬೇರೆ, ಊರಾಚೆಯ ದಾರಿ ಬೇರೆ, ಊರು ಬಂತೆಂದರೆ ವೇಗ ಅರ್ಧಕ್ಕೆ ಇಳಿಯಬೇಕು.

ನಮ್ಮಲ್ಲಿ ಏನಿದೆ ಎಂದು ನೋಡಿದರೆ, ಕೇಂದ್ರ ಸರ್ಕಾರ 2018ರ ಏಪ್ರಿಲ್ 6ರಂದು ಹೊರಡಿಸಿದ ಪಟ್ಟಿ. ಅದರಲ್ಲಿ ಕಾರಿಗೆ ಎಕ್ಸ್‌ಪ್ರೆಸ್‌ವೇ ಮೇಲೆ 120, ನಡುವೆ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ 100. ಪುರಸಭೆ ವ್ಯಾಪ್ತಿಯ ರಸ್ತೆಯಲ್ಲಿ 70. ಉಳಿದೆಲ್ಲ ರಸ್ತೆಗಳಲ್ಲೂ 70. ಬಸ್ಸು, ಲಾರಿ, ಬೈಕುಗಳಿಗೆ ಊರೊಳಗೂ 60, ಊರ ಹೊರಗೂ 60. ಮೂರು ಗಾಲಿಯ ಗಾಡಿಗೆ ಎಲ್ಲಿ ಹೋದರೂ 50. ಎರಡು ಕಾಲಂಗಳಲ್ಲಿ ಒಂದೇ ಅಂಕಿ ಬಿದ್ದಿರುವುದನ್ನು ಮೊದಲು ನೋಡಿದಾಗ ನಾನು ಮತ್ತೆ ಮತ್ತೆ ಓದಿದೆ. ಮಾನ್ವಿಯ ಪೇಟೆಗೂ, ಎರೆಹೊಲಗಳ ನಡುವೆ ಕಣ್ಣು ಹಾಯುವವರೆಗೆ ಆಳು ಕಾಣದ ದಾರಿಗೂ ಒಂದೇ ಗರಿಷ್ಠ ಮಿತಿ.

ಇದು ಮೇಲಿನ ಗೆರೆ ಮಾತ್ರ, ನಿಜ. ಅದರ ಕೆಳಗೆ ಇಳಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಂ ರಾಜ್ಯ ಸರ್ಕಾರಕ್ಕೆ, ರಾಜ್ಯ ಸರ್ಕಾರ ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ಬಿಟ್ಟಿದೆ. ಸಾರ್ವಜನಿಕರ ಸುರಕ್ಷತೆಗಾಗಿ, ಅನುಕೂಲಕ್ಕಾಗಿ, ಅಥವಾ ರಸ್ತೆ ಇಲ್ಲವೇ ಸೇತುವೆಯ ಸ್ವರೂಪ ನೋಡಿ ವೇಗ ಕಡಿಮೆ ಮಾಡಬಹುದು. ದೇಶದೊಳಗೆ ವೇಗದ ಮಿತಿ ಊರಿಂದೂರಿಗೆ ಬದಲಾಗುವುದು ಈ ಒಂದು ಬಾಗಿಲಿನಿಂದ. ಯಾರು ಬಾಗಿಲು ತಟ್ಟುತ್ತಾರೋ ಅವರಿಗೆ ತೆರೆಯುತ್ತದೆ.

ಕೇರಳ ತಟ್ಟಿತು. 2023ರ ಜುಲೈ 1ರಿಂದ ಅಲ್ಲಿ ಕಾರುಗಳ ವೇಗ ಹೆಚ್ಚಿಸಿದರು, ಆರು ಪಥದ ಹೆದ್ದಾರಿಯಲ್ಲಿ 110ರವರೆಗೆ. ಅದೇ ಆದೇಶದಲ್ಲಿ ದ್ವಿಚಕ್ರ ವಾಹನಗಳ ಮಿತಿಯನ್ನು 70ರಿಂದ 60ಕ್ಕೆ ಇಳಿಸಿದರು, ಸಾಯುವವರಲ್ಲಿ ಬೈಕಿನವರೇ ಹೆಚ್ಚು ಎಂಬ ಕಾರಣಕ್ಕೆ. ಮಂಗಳೂರಿನಿಂದ ಕಾಸರಗೋಡಿಗೆ ಬೈಕಿನಲ್ಲಿ ಹೋಗುವ ಕನ್ನಡಿಗನಿಗೆ ತಲಪಾಡಿಯ ಗಡಿಯಲ್ಲಿ ಭಾಷೆಯ ಫಲಕದ ಜೊತೆಗೆ ವೇಗದ ಲೆಕ್ಕವೂ ಬದಲಾಗುತ್ತದೆ: ಈಚೆ ನಾಲ್ಕು ಪಥದ ರಸ್ತೆಯಲ್ಲಿ ಕೇಂದ್ರದ ಪಟ್ಟಿ 80 ಅನ್ನುತ್ತದೆ, ಆಚೆ 60. ಉತ್ತರ ಪ್ರದೇಶದ ಯಮುನಾ ಎಕ್ಸ್‌ಪ್ರೆಸ್‌ವೇ ಮೇಲೆ ಚಳಿಗಾಲದ ಎರಡು ತಿಂಗಳು ಮಂಜು ಕವಿಯುತ್ತದೆಂದು ಕಾರಿನ ಮಿತಿಯನ್ನು 100ರಿಂದ 75ಕ್ಕೆ ತರುತ್ತಾರೆ. ನಮ್ಮದೇ ರಾಜ್ಯದಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಾವುಗಳು ಹೆಚ್ಚಿದಾಗ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ಪಥದಿಂದಲೇ ಹೊರಗಿಟ್ಟರು, ಕ್ಯಾಮೆರಾ ಹಾಕಿದರು. 2024ರ ಆಗಸ್ಟ್‌ನಿಂದ ರಾಜ್ಯದ ಯಾವ ರಸ್ತೆಯಲ್ಲಾದರೂ 130 ದಾಟಿದವರ ಮೇಲೆ ಎಫ್ಐಆರ್ ಹಾಕುವುದಾಗಿ ಪೊಲೀಸರು ಹೇಳಿದರು. ಒಳ್ಳೆಯದೇ. ಆದರೆ ನನ್ನ ಅತ್ತೆಯ ಊರಿನ ಮುಂದೆ 130ರಲ್ಲಿ ಯಾರೂ ಹೋಗುವುದಿಲ್ಲ. ಅಲ್ಲಿ ಕೊಲ್ಲುವುದು 70.

ರಾಯಚೂರಿನವರಿಗೆ ದೊಡ್ಡ ಕಾಯಿಲೆ ಬಂದರೆ ಹೈದರಾಬಾದೇ ಗತಿ. ಹೋದ ವರ್ಷ ಹಾಗೇ ಒಬ್ಬರನ್ನು ಕರೆದುಕೊಂಡು ಹೋದಾಗ ಅಲ್ಲಿನ ಹೊರವರ್ತುಲ ರಸ್ತೆ ಹತ್ತಿದ್ದೆ. 2023ರಲ್ಲಿ ಅಲ್ಲಿನ ಮಿತಿಯನ್ನು 100ರಿಂದ 120ಕ್ಕೆ ಏರಿಸಿದ್ದಾರೆ. ಎರಡೂ ಕಡೆ ಬೇಲಿ, ನಡುವೆ ವಿಭಜಕ. ಒಂದು ನಾಯಿ ಅಡ್ಡ ಬರುವುದೂ ಕಷ್ಟ. ಅಲ್ಲಿ 120ರಲ್ಲೂ ನನಗೆ ಭಯವಾಗಲಿಲ್ಲ. ಈ ಬೆಳಿಗ್ಗೆ ಗಬ್ಬೂರಿನ ಹತ್ತಿರ 60ರಲ್ಲಿ ಭಯವಾಯಿತು. ಎದುರಿಗೆ ಬರುತ್ತಿದ್ದ ಗೂಡ್ಸ್ ಗಾಡಿಯ ಹಿಂದಿನ ಡಬ್ಬಿಯಲ್ಲಿ ಹತ್ತಿ ಬಿಡಿಸಲು ಹೊರಟ ಹೆಣ್ಣುಮಕ್ಕಳು ನಿಂತಿದ್ದರು, ಇಪ್ಪತ್ತಕ್ಕೂ ಹೆಚ್ಚು ಮಂದಿ. ಒಬ್ಬರ ಭುಜ ಒಬ್ಬರು ಹಿಡಿದುಕೊಂಡಿದ್ದರು. ಬಿಸಿಲು ಏರುವ ಮೊದಲೇ ತಲೆಗೆ ಬಟ್ಟೆ ಸುತ್ತಿ, ಮೇಲೆ ಗಂಡಸರ ಅಂಗಿ ತೊಟ್ಟು, ಕಂಕುಳಲ್ಲಿ ಬುತ್ತಿಗಂಟು. ತುದಿಯಲ್ಲಿ ನಿಂತಿದ್ದವಳ ಒಂದು ಕೈ ಹಿಂದಿನ ಹಲಗೆಯ ಸರಪಳಿಯನ್ನು ಹಿಡಿದಿತ್ತು. ಆ ಗಾಡಿ ನಮ್ಮನ್ನು ದಾಟಿ ಹೋದಾಗ ಗಾಳಿ ನಮ್ಮ ಕಾರನ್ನೇ ಒಂದು ಸಲ ಅಲುಗಿಸಿತು.

ಗಬ್ಬೂರು ಗುಡಿಗಳ ಊರು, ಶಾಸನಗಳ ಊರು. ನೋಡಲು ಒಂದು ದಿನ ಸಾಲದು. ಈ ಸಲ ಬಸ್‌ಸ್ಟ್ಯಾಂಡಿನ ಚಹದ ಅಂಗಡಿಯಲ್ಲಷ್ಟೇ ನಿಂತೆ. ಕ್ರೂಸರ್ ಓಡಿಸುವ ಒಬ್ಬ ಹುಡುಗ ಪಕ್ಕದಲ್ಲಿದ್ದ. ಅಷ್ಟು ಜೋರಾಗಿ ಯಾಕೆ ಹೊಡೆಯುತ್ತೀರಪ್ಪ ಎಂದು ಕೇಳಿದೆ. ‘ಟ್ರಿಪ್ ಲೆಕ್ಕ ಐತ್ರಿ. ನಾಕು ಟ್ರಿಪ್ ಗಾಡಿ ಕಂತಿಗೆ, ಡೀಸಲ್‌ಗೆ. ಐದನೇದು ಆದ್ರ ಮನಿಗೆ’ ಅಂದ. ಅವನ ಐದನೆಯ ಟ್ರಿಪ್ಪಿನ ಮುಂದೆ ನನ್ನ ಬಳಿ ಮಾತಿರಲಿಲ್ಲ. ಕೃಷ್ಣೆಯ ಕಡೆಯಿಂದ ಬರುವ ಮರಳಿನ ಟಿಪ್ಪರ್‌ಗಳ ಲೆಕ್ಕವೂ ಇದೇ. 2015ರ ನಿಯಮದಂತೆ ಸರಕು, ಪ್ರಯಾಣಿಕ ಗಾಡಿಗಳ ಎಂಜಿನ್ನಿಗೆ 80ಕ್ಕೆ ಕಡಿವಾಣ ಇರಬೇಕು. ಟಿಪ್ಪರ್, ಟ್ಯಾಂಕರ್, ಶಾಲಾ ಬಸ್ಸುಗಳಿಗೆ 60ಕ್ಕೆ. ಎಂಜಿನ್ನಿಗೆ ಹಾಕಿದ ಕಡಿವಾಣ ಹೊಟ್ಟೆಯ ಲೆಕ್ಕಕ್ಕೆ ಹತ್ತುವುದಿಲ್ಲ. ಟ್ರಿಪ್ಪಿಗೆ ಇಷ್ಟು ಎಂದು ಕೂಲಿ ಕೊಡುವ ತನಕ ಈ ಗಾಡಿಗಳು ಓಡುತ್ತಲೇ ಇರುತ್ತವೆ. ವೇಗದ ದಂಡ ಡ್ರೈವರ್‌ನಿಂದ ವಸೂಲಾಗುತ್ತದೆ, ವೇಗದ ಲಾಭ ಬೇರೆಯವರಿಗೆ ಹೋಗುತ್ತದೆ. ಇದು ಸರಿಯಲ್ಲ ಎಂದು ನಾನು ಅಂದುಕೊಂಡಿದ್ದೇನೆ.

ಅತ್ತೆಯ ಮನೆ ಮುಟ್ಟಿದಾಗ ಹತ್ತು ಗಂಟೆ. ಜೋಳದ ರೊಟ್ಟಿ, ಪುಂಡಿಪಲ್ಯ ತಿಂದೆವು. ಆಮೇಲೆ ಅವರ ಜೊತೆ ರಸ್ತೆಗೆ ಬಂದು ನಿಂತೆ. ಮನೆಯೆದುರು ಒಂದು ಬೇವಿನ ಮರ. ಅಲ್ಲಿಂದ ಡಾಂಬರಿನ ಅಂಚು ಹಿಡಿದು ಹೆಜ್ಜೆ ಹಾಕಿದೆ, ಒಂದು ಹೆಜ್ಜೆಗೆ ಒಂದು ಮೀಟರ್ ಎಂದು. ಅತ್ತೆ ಬೇವಿನ ಮರದ ಬುಡದಲ್ಲಿ ನಿಂತು, ಇವನಿಗೇನಾಯಿತೆಂದು ನೋಡುತ್ತಿದ್ದರು.

30ರಲ್ಲಿ ಬರುವ ಕಾರಿನ ಮುಂದೆ ಯಾರೋ ಅಡ್ಡ ಬಂದರೆನ್ನಿ. ಕಣ್ಣು ಕಂಡದ್ದು ಕಾಲಿಗೆ ತಿಳಿಯಲು ಒಂದು ಸೆಕೆಂಡು, ಆಮೇಲೆ ಬ್ರೇಕು. ಒಣ ರಸ್ತೆ, ಒಳ್ಳೆಯ ಟೈರು ಇದ್ದರೆ ಹದಿಮೂರು ಹದಿನಾಲ್ಕು ಮೀಟರಿನಲ್ಲಿ ನಿಂತೀತು. ಹದಿನಾಲ್ಕು ಹೆಜ್ಜೆ ಹಾಕಿದೆ. ಪಕ್ಕದ ಮನೆಯ ಕಟ್ಟೆ ಬಂತು. 60ರಲ್ಲಿ ಬಂದರೆ ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಕಾರು ಹದಿನೇಳು ಮೀಟರ್ ಬಂದಿರುತ್ತದೆ. ಅಂದರೆ 30ರ ಕಾರು ಪೂರ್ತಿ ನಿಂತ ಜಾಗವನ್ನು 60ರ ಕಾರು ಒಂದಿಷ್ಟೂ ವೇಗ ಇಳಿಸದೆ ದಾಟಿಬಿಟ್ಟಿರುತ್ತದೆ. ಅದು ನಿಲ್ಲಲು ಬೇಕಾದದ್ದು ಸುಮಾರು ಮೂವತ್ತೇಳು ಮೀಟರ್. ಮೂವತ್ತೇಳು ಹೆಜ್ಜೆಗೆ ನಾನು ಹನುಮಪ್ಪನ ಗುಡಿಯ ಹತ್ತಿರ ಇದ್ದೆ. 80ಕ್ಕೆ ಐವತ್ತೆಂಟು, ಅಂಗನವಾಡಿಯ ಗೇಟು. ಅಲ್ಲಿಂದ ತಿರುಗಿ ನೋಡಿದರೆ ಬೇವಿನ ಕೆಳಗೆ ನಿಂತ ಅತ್ತೆಯ ಸೀರೆಯ ಬಣ್ಣ ಕಂಡಿತು, ಮುಖ ಗುರುತು ಸಿಗಲಿಲ್ಲ.

50 ಕಿಲೋಮೀಟರ್ ದಾರಿಯನ್ನು 60ರ ಬದಲು 80ರಲ್ಲಿ ಹೋದರೆ ಉಳಿಯುವುದು ಹನ್ನೆರಡೂವರೆ ನಿಮಿಷ. ಇಡೀ ದಾರಿಯಲ್ಲಿ ಹಾಯುವ ಹಳ್ಳಿಗಳ ಒಳಭಾಗ ಎಲ್ಲ ಸೇರಿದರೂ ನಾಲ್ಕೈದು ಕಿಲೋಮೀಟರ್ ಮೀರದು. ಅಷ್ಟರಲ್ಲಿ ಮಾತ್ರ 30ಕ್ಕೆ ಇಳಿದರೆ ನಷ್ಟವಾಗುವುದು ಐದು ನಿಮಿಷ. ನಾನು ಕೇಳುತ್ತಿರುವುದು ಆ ಐದು ನಿಮಿಷ. ನಡುವೆ ಎರೆಹೊಲದ ದಾರಿಯಲ್ಲಿ ಬೇಕಾದಷ್ಟು ಜಾಗವಿದೆ.

ಈ ಊರಿನವರು ಆ ಐದು ನಿಮಿಷವನ್ನು ತಾವೇ ವಸೂಲು ಮಾಡಲು ನೋಡಿದ್ದಾರೆ. ಊರ ಎರಡೂ ತುದಿಗೆ ಮಣ್ಣು, ಕಲ್ಲು, ಸಿಮೆಂಟು ಸೇರಿಸಿ ಉಬ್ಬು ಹಾಕಿದ್ದರು. ಸರಿಯಾದ ಉಬ್ಬಿಗೂ ಅಳತೆಯಿದೆ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಪ್ರಕಾರ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. 25ರ ವೇಗದಲ್ಲಿ ಬಂದ ಗಾಡಿ ಅದರ ಮೇಲೆ ಮೆತ್ತಗೆ ಹತ್ತಿ ಇಳಿಯಬೇಕು. ಊರವರು ಹಾಕಿದ್ದು ಒಂದು ಮೊಳ ಅಗಲದ ಗೋಡೆ. ಬಾಣಂತಿಯನ್ನು ಕರೆದುಕೊಂಡು ಹೋಗುವ ಆಂಬುಲೆನ್ಸಿಗೂ ಅದೇ ಪೆಟ್ಟು. ಎರಡು ಸಲ ಯಾರೋ ಒಡೆಸಿದರು, ಎರಡು ಸಲವೂ ಮತ್ತೆ ಎದ್ದಿತು. ಪೇಟೆಯವರು ಇದನ್ನು ಹಳ್ಳಿಯವರ ಕಿಡಿಗೇಡಿತನ ಅನ್ನುತ್ತಾರೆ. ನಾನು ಹಾಗೆ ನೋಡಲಾರೆ. ಬರೆದುಕೊಂಡ ಅರ್ಜಿಗೆ ಉತ್ತರ ಬರದಿದ್ದಾಗ ಊರು ರಸ್ತೆಯ ಮೇಲೆಯೇ ಬರೆದ ಅರ್ಜಿ ಅದು.

ದೇವದುರ್ಗ ಮುಟ್ಟುವಾಗ ಮಧ್ಯಾಹ್ನ. ಬೆಟ್ಟದ ಬುಡದ ಊರು. ಸುರಪುರದ ಕಡೆಯ ಬೇಡ ನಾಯಕರ ನೆನಪುಗಳಿರುವ ನೆಲ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಬೆಳೆ ಬದಲಾಯಿತು, ಬೆಳೆಯ ಜೊತೆ ಗಾಡಿಗಳೂ ಬಂದವು. ಸಂತೆಯ ದಾರಿಯಲ್ಲಿ ಒಂದು ಬೈಕು ನಮ್ಮ ಮುಂದಿತ್ತು. ಅಪ್ಪ, ಹಿಂದೆ ಅವ್ವ, ನಡುವೆ ಒಂದು ಮಗು, ಟ್ಯಾಂಕಿನ ಮೇಲೆ ಇನ್ನೊಂದು. ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡಾಗ ಬೈಕು 40 ಮೀರಬಾರದು, ಮಗುವಿಗೆ ಹೆಲ್ಮೆಟ್ ಇರಬೇಕು, ಓಡಿಸುವವರಿಗೆ ಸೇರಿಸಿ ಪಟ್ಟಿ ಕಟ್ಟಬೇಕು ಎಂಬ ನಿಯಮ 2022ರಲ್ಲಿ ಬಂದಿದೆ. ಈ ನಿಯಮ ನನಗೆ ಬಹಳ ಹಿಡಿಸುತ್ತದೆ. ಉಳಿದ ಮಿತಿಗಳೆಲ್ಲ ರಸ್ತೆಯನ್ನೋ ಗಾಡಿಯನ್ನೋ ನೋಡಿ ಮಾಡಿದವು. ಇದೊಂದು ಮಾತ್ರ ಗಾಡಿಯಲ್ಲಿ ಕೂತವರು ಯಾರು ಎಂದು ಕೇಳುತ್ತದೆ. ಆ ಅಪ್ಪ 40 ಮೀರಿರಲಿಲ್ಲ. ಅವನಿಗೆ ನಿಯಮ ತಿಳಿದಿರಲಾರದು, ಟ್ಯಾಂಕಿನ ಮೇಲಿನ ಮಗುವಿನ ನೆತ್ತಿ ಅವನ ಗದ್ದಕ್ಕೆ ತಾಗುತ್ತಿತ್ತು, ಅಷ್ಟೇ.

ಸಿರವಾರ ದಾಟಿ ಮಾನ್ವಿಯ ಕಡೆ ತಿರುಗಿದರೆ ಬಣ್ಣ ಬದಲಾಗುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮುಟ್ಟಿದಲ್ಲೆಲ್ಲ ನೆಲ್ಲು. ಕೊಯ್ಲಿನ ಕಾಲ. ರಸ್ತೆಯ ಅರ್ಧ ಅಗಲ ನೆಲ್ಲು ಒಣಹಾಕಿದ್ದಾರೆ, ಉಳಿದರ್ಧದಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರು. ಹುಲ್ಲಿನ ಹೊರೆ ಎರಡೂ ಕಡೆ ಚಾಚಿ ಹಿಂದಿನ ದೀಪವನ್ನೇ ಮುಚ್ಚಿಬಿಟ್ಟಿರುತ್ತದೆ. ಕತ್ತಲಾದ ಮೇಲೆ ಹಿಂದಿನಿಂದ ಬರುವವರಿಗೆ ಅದು ಹತ್ತಿರ ಬರುವ ತನಕ ರಾತ್ರಿಯದೇ ಒಂದು ತುಂಡು. ತಾತನ ಬಂಡಿಯ ಕೆಳಗೆ ಒಂದು ಕಂದೀಲಾದರೂ ಇತ್ತು.

ಮಾನ್ವಿ ಜಗನ್ನಾಥದಾಸರ ಊರು. ಅವರ ಗುಡಿಯಲ್ಲಿ ಸ್ವಲ್ಪ ಹೊತ್ತು ಕೂತಿದ್ದು ರಾಯಚೂರಿನ ದಾರಿ ಹಿಡಿದೆವು. ಕಪಗಲ್ ಹತ್ತಿರ ಬಂದಾಗ ಕಾರು ನಿಲ್ಲಿಸಲು ಹೇಳಿದೆ. 2024ರ ಸೆಪ್ಟೆಂಬರ್ 5, ಶಿಕ್ಷಕರ ದಿನದ ಬೆಳಿಗ್ಗೆ, ಶಾಲೆಯ ಬಸ್ಸಿಗೂ ಸಾರಿಗೆ ಬಸ್ಸಿಗೂ ಡಿಕ್ಕಿಯಾಗಿ ಇಬ್ಬರು ಮಕ್ಕಳು ತೀರಿಕೊಂಡದ್ದು ಇಲ್ಲಿ. ಇನ್ನೆಷ್ಟೋ ಮಕ್ಕಳು ಗಾಯಗೊಂಡರು. ತಪ್ಪು ಯಾರದೆಂದು ಹುಡುಕಲು ನಾನು ಅಲ್ಲಿ ಇಳಿಯಲಿಲ್ಲ. ರಸ್ತೆಯ ಅಗಲ ನೋಡಿದೆ. ಎದುರುಬದುರು ಬರುವ ಎರಡು ಬಸ್ಸುಗಳು ಕಾನೂನು ಒಪ್ಪುವ 60ರಲ್ಲೇ ಇದ್ದರೂ ನಡುವಿನ ದೂರ ಸೆಕೆಂಡಿಗೆ ಮೂವತ್ಮೂರು ಮೀಟರ್ ಕರಗುತ್ತದೆ. ವಿಭಜಕವಿಲ್ಲದ ರಸ್ತೆಯಲ್ಲಿ ಒಂದು ಗುಂಡಿ ತಪ್ಪಿಸಲು ಸ್ಟೇರಿಂಗ್ ತಿರುಗಿಸಿದರೂ ಸಾಕು. ಆ ದಿನ ಮಕ್ಕಳು ಮೇಷ್ಟ್ರಿಗೆ ಕೊಡಲು ಹೂವು ಹಿಡಿದುಕೊಂಡು ಹೊರಟಿದ್ದಿರಬೇಕು. ನಾವಿಬ್ಬರೂ ಮಾತಾಡದೆ ಕಾರು ಹತ್ತಿದೆವು.

2022ರಲ್ಲಿ ದೇಶದ ರಸ್ತೆಗಳ ಮೇಲೆ ಸತ್ತವರು 1,68,491 ಮಂದಿ. ನೂರರಲ್ಲಿ ಎಪ್ಪತ್ತೊಂದು ಸಾವುಗಳಿಗೆ ಕಾರಣ ಅತಿವೇಗ ಎಂದು ಕೇಂದ್ರ ಸಾರಿಗೆ ಇಲಾಖೆಯ ವರದಿ ಬರೆಯಿತು. ಮಿತಿ ಮೀರಿದ್ದಕ್ಕಷ್ಟೇ ಅತಿವೇಗ ಎಂಬ ಹೆಸರು. ಮಿತಿಯೇ ಊರಿಗೆ ಹೆಚ್ಚಾಗಿದ್ದರೆ ಅದರ ಲೆಕ್ಕ ಯಾವ ಕಾಲಂನಲ್ಲಿ ಬರೆಯಬೇಕು? 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ ದೇಶಗಳ ಸಚಿವರ ಸಮ್ಮೇಳನ, ನಡೆಯುವವರೂ ಗಾಡಿಗಳೂ ಕೂಡುವ ಕಡೆ 30ಕ್ಕಿಂತ ಹೆಚ್ಚು ವೇಗ ಬೇಡ ಎಂದು ಘೋಷಿಸಿತು. ಆ ಮಾತು ಸ್ಟಾಕ್‌ಹೋಮ್‌ಗಿಂತ ಗಬ್ಬೂರಿಗೆ, ಕಪಗಲ್‌ಗೆ, ಅದೇ ದಾರಿಯ ನೀರಮಾನ್ವಿಗೆ ಹೆಚ್ಚು ಸಲ್ಲುತ್ತದೆ.

ಅದಕ್ಕೆ ಹೊಸ ಕಾನೂನು ಬೇಡ. 112ನೇ ಕಲಂನಲ್ಲೇ ಇನ್ನೊಂದು ಮಾತಿದೆ: ಒಂದು ತಿಂಗಳಿಗೆ ಮೀರದ ನಿರ್ಬಂಧವಾದರೆ ರಾಜ್ಯಪತ್ರದಲ್ಲಿ ಅಧಿಸೂಚನೆಯೂ ಬೇಕಿಲ್ಲ. ಯಲ್ಲಮ್ಮನ ಜಾತ್ರೆಗೆ ನೀರಮಾನ್ವಿಯಲ್ಲಿ, ಹತ್ತಿಯ ಸುಗ್ಗಿಗೆ ಗಬ್ಬೂರಿನ ದಾರಿಯಲ್ಲಿ, ನೆಲ್ಲಿನ ಕೊಯ್ಲಿಗೆ ಮಾನ್ವಿಯ ಸುತ್ತ ಫಲಕ ನೆಟ್ಟು ವೇಗ ಇಳಿಸಿ ನೋಡಬಹುದು. ಒಂದು ತಿಂಗಳು ಸರಿಬಂದರೆ ಕಾಯಂ ಮಾಡಲು ಅಧಿಸೂಚನೆ ಹೊರಡಿಸಬಹುದು. ಜೊತೆಗೆ ಊರವರ ಗೋಡೆಯುಬ್ಬು ತೆಗೆದು 3.7 ಮೀಟರಿನ ಸರಿಯಾದ ಉಬ್ಬು ಹಾಕಲಿ, ಅದಕ್ಕೆ ಬಿಳಿ ಪಟ್ಟೆ ಬಳಿಯಲಿ. ಮಾನ್ವಿ, ದೇವದುರ್ಗದ ಪುರಸಭೆಗಳು, ದಾರಿಯ ಮೇಲಿನ ಗ್ರಾಮ ಪಂಚಾಯಿತಿಗಳು ಒಂದೊಂದು ಠರಾವು ಮಾಡಿ ಜಿಲ್ಲಾಡಳಿತಕ್ಕೆ ಕಳಿಸಲಿ. ನಿಮ್ಮ ಊರು ಹೆದ್ದಾರಿಯ ಮೇಲಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಇದನ್ನು ಕೇಳಿರಿ.

ಸಂಜೆ ರಾಯಚೂರು ಮುಟ್ಟಿ ಅತ್ತೆಗೆ ಫೋನ್ ಮಾಡಿದೆ. ‘ಮುಟ್ಟಿದ್ರೇನು? ಸಾವಕಾಶ ಹೋಗ್ರಿ ಅಂತ ಹೇಳಾಕ ಮರ್ತಿದ್ದೆ’ ಅಂದರು. ಹೊಲದಲ್ಲಿ ಹತ್ತಿ ಇನ್ನೂ ಎರಡು ಬಿಡಿಸುವಷ್ಟು ಇದೆಯಂತೆ. ನಾಳೆ ಬೆಳಿಗ್ಗೆ ಏಳಕ್ಕೆ ಅವರು ರಸ್ತೆ ದಾಟುತ್ತಾರೆ.